ಮುಂದಿನ ವಿಮಾನ ಇಳಿಯಿತು, ನಮ್ಮದು ಯಾಕೆ ವಾಪಸ್ ಹೋಯಿತು?

ತೋಟದಮನೆ, ಶಿರಸಿ
ಎಲ್ಲರಿಗೂ ನಮಸ್ಕಾರ. ಸಿಟ್ಟು ಇನ್ನೂ ಇಳಿದಿಲ್ಲ. ಸ್ವಲ್ಪ ಖಾರವಾಗಿ ಬರೆದರೆ ಬೇಜಾರು ಮಾಡ್ಕೋಬೇಡಿ.

ಮಗನ ಉಪನಯನಕ್ಕೆ ತಂಗಿ ಮತ್ತು ಅವಳ ಮಕ್ಕಳು ಬೆಂಗಳೂರಿಂದ ಸಂಜೆ ವಿಮಾನಕ್ಕೆ ಹುಬ್ಬಳ್ಳಿಗೆ ಬರುವವರಿದ್ದರು. ನಾನು ಕಾರು ತಗೊಂಡು ಹೋಗಿ ಕಾಯ್ತಾ ನಿಂತಿದ್ದೆ. ಧಾರವಾಡದ ಕಡೆ ಆಕಾಶ ಕಪ್ಪಾಗಿತ್ತು, ಮಿಂಚು ಬಿಡದೆ ಹೊಡೆಯುತ್ತಿತ್ತು. ಆದರೆ ಏರ್‌ಪೋರ್ಟಿನಲ್ಲಿ ಒಂದು ಹನಿ ಮಳೆ ಇಲ್ಲ. ನನ್ನ ಕಣ್ಣೆದುರೇ ಒಂದು ವಿಮಾನ ಇಳಿಯಿತು. ಅದರ ಹಿಂದೆಯೇ ಬರಬೇಕಿದ್ದ ಇವರ ವಿಮಾನ ಮೇಲೆ ಸುತ್ತು ಹೊಡೆದು, ಸುತ್ತು ಹೊಡೆದು, ಕೊನೆಗೆ ಬೆಂಗಳೂರಿಗೇ ವಾಪಸ್! ಜೋರು ಮಳೆ ಬಂತು ನಿಜ. ಅರ್ಧ ಗಂಟೆಯಲ್ಲಿ ನಿಂತೂ ಹೋಯಿತು. ಅಷ್ಟು ಹೊತ್ತು ಮೇಲೆ ಕಾಯೋಕೆ ಆಗ್ತಿರಲಿಲ್ವಾ?

ಬೆಂಗಳೂರಲ್ಲಿ ಇಳಿದ ಮೇಲೆ ಕಂಪನಿಯವರು ಮಕ್ಕಳಿಗೆ ಒಂದು ಬಿಸ್ಕಿಟ್ ಕೂಡ ಕೊಡಲಿಲ್ಲವಂತೆ. "ಹವಾಮಾನ ಸರ್, ನಮ್ಮ ಕೈಲಿಲ್ಲ" ಅಂತ ಒಂದೇ ಮಾತು. ರಾತ್ರಿ ಬಸ್ಸು ಹಿಡಿದು ಅಂತೂ ಮುಹೂರ್ತಕ್ಕೆ ಬಂದು ಮುಟ್ಟಿದರು.

ನನ್ನ ಪ್ರಶ್ನೆ ಇಷ್ಟೇ. ಮುಂದಿನವನಿಗೆ ಇಳಿಯಲು ಆದರೆ ಹಿಂದಿನವನಿಗೆ ಯಾಕೆ ಆಗಲ್ಲ? ಪೈಲಟ್ ಹೆದರಿದನಾ, ಅಥವಾ ಇದರಲ್ಲಿ ಬೇರೆ ಏನಾದರೂ ಲೆಕ್ಕಾಚಾರ ಇದೆಯಾ?

ಕಾಳಿದಂಡೆ, ಕಾರವಾರ
ಲೆಕ್ಕಾಚಾರ ಇಲ್ಲದೆ ಇರುತ್ತಾ ಮಾರಾಯ್ರೇ? ಹವಾಮಾನ ಅಂದುಬಿಟ್ಟರೆ ಪರಿಹಾರ ಕೊಡೋದು ಬೇಡ, ಹೋಟೆಲ್ ಕೊಡೋದು ಬೇಡ. ಎಲ್ಲದಕ್ಕೂ ಮಳೆರಾಯನ ಮೇಲೆ ಗೂಬೆ ಕೂರಿಸಿದರಾಯಿತು.

ಹಳೇ ರಾಡಾರ್, ಕಾರವಾರ
ನೌಕಾಪಡೆಯ ಹವಾಮಾನ ವಿಭಾಗದಲ್ಲಿ ಇದ್ದವನು, ಈಗ ನಿವೃತ್ತಿ. ತೋಟದಮನೆಯವರ ಪ್ರಶ್ನೆ ಚೆನ್ನಾಗಿದೆ. ಇದೇ ಪ್ರಶ್ನೆಗೆ 1985ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ ಉತ್ತರ ಸಿಕ್ಕಿದೆ. ಬಹಳ ಕೆಟ್ಟ ಉತ್ತರ.

ಆಗಸ್ಟ್ 2, ಸಂಜೆ ಆರರ ಹೊತ್ತು. ಡೆಲ್ಟಾ ಕಂಪನಿಯ 191ನೇ ವಿಮಾನ, ಮೂರು ಎಂಜಿನ್ನಿನ ದೊಡ್ಡ ಲಾಕ್‌ಹೀಡ್ ಟ್ರೈಸ್ಟಾರ್, ಒಳಗೆ 163 ಜನ. ರನ್‌ವೇಗೆ ಸ್ವಲ್ಪ ಮೊದಲು ದಾರಿಯಲ್ಲೇ ಒಂದು ಗುಡುಗು ಮೋಡ ಬೆಳೆದು ನಿಂತಿತ್ತು. ಇವರ ಮುಂದೆ ಒಂದು ಪುಟ್ಟ ಲಿಯರ್‌ಜೆಟ್ ಹೋಗುತ್ತಿತ್ತು. ಅದು ಅದೇ ಮಳೆಯೊಳಗೆ ಹೊಕ್ಕು ಸುರಕ್ಷಿತವಾಗಿ ಇಳಿಯಿತು. ಹಿಂದಿನಿಂದ ಹೋದ ದೊಡ್ಡ ವಿಮಾನ ರನ್‌ವೇ ಮುಟ್ಟಲೇ ಇಲ್ಲ. ಹೊಲದಲ್ಲಿ ನೆಲ ಸವರಿ, ಹೆದ್ದಾರಿಯ ಮೇಲೆ ಒಂದು ಕಾರಿಗೆ ಬಡಿದು, ಏರ್‌ಪೋರ್ಟಿನೊಳಗಿನ ನೀರಿನ ಟ್ಯಾಂಕಿಗೆ ಹೋಗಿ ಅಪ್ಪಳಿಸಿತು. ಕಾರಿನಲ್ಲಿದ್ದ ಒಬ್ಬರೂ ಸೇರಿ 137 ಜನ ಹೋದರು. ಉಳಿದವರಲ್ಲಿ ಹೆಚ್ಚಿನವರು ಬಾಲದ ಕಡೆ ಕೂತವರು.

ಎರಡು ವಿಮಾನಗಳ ನಡುವೆ ಎಷ್ಟು ಹೊತ್ತಿತ್ತು ಗೊತ್ತಾ? ಕೆಲವೇ ನಿಮಿಷ. ಅಷ್ಟರಲ್ಲಿ ಮೋಡ ಕುಸಿದಿತ್ತು. ಹಾಗಾಗಿ ಮುಂದಿನವನು ಇಳಿದ ಅನ್ನೋದು ಹಿಂದಿನವನಿಗೆ ಯಾವ ಗ್ಯಾರಂಟಿಯೂ ಅಲ್ಲ. ನಿಮ್ಮ ತಂಗಿಯ ವಿಮಾನದ ಪೈಲಟ್ ಹೆದರಿದ್ದರೆ ಸರಿಯಾಗಿಯೇ ಹೆದರಿದ್ದಾನೆ.

ತೋಟದಮನೆ, ಶಿರಸಿ
ಮೋಡ ಕುಸಿಯೋದು ಅಂದರೆ ಎಂತದು? ಅಷ್ಟು ದೊಡ್ಡ ವಿಮಾನವನ್ನು ಗಾಳಿ ಕೆಡವುತ್ತಾ? ಸ್ವಲ್ಪ ಬಿಡಿಸಿ ಹೇಳಿ.

ಹಳೇ ರಾಡಾರ್, ಕಾರವಾರ
ಹೇಳ್ತೇನೆ. ಗುಡುಗು ಮೋಡದೊಳಗೆ ಮಳೆ, ಆಲಿಕಲ್ಲು ಎಲ್ಲ ಸೇರಿ ತಣ್ಣಗಿನ ಭಾರದ ಗಾಳಿ ಒಂದೇ ಸಲ ಕೆಳಗೆ ಬೀಳುತ್ತದೆ. ಅಂಗಳಕ್ಕೆ ಒಂದು ಕೊಡ ನೀರು ದಬಕ್ಕನೆ ಸುರಿದರೆ ನೆಲಕ್ಕೆ ಬಡಿದು ಸುತ್ತ ಎಲ್ಲ ಕಡೆ ಹರಡುತ್ತದಲ್ಲ, ಅದೇ ರೀತಿ ಈ ಗಾಳಿ ನೆಲಕ್ಕೆ ಬಡಿದು ಎಲ್ಲ ದಿಕ್ಕಿಗೂ ನುಗ್ಗುತ್ತದೆ. ಇದಕ್ಕೆ ಮೈಕ್ರೋಬರ್ಸ್ಟ್ ಅಂತ ಹೆಸರು. ಅಗಲ ನಾಲ್ಕು ಕಿಲೋಮೀಟರಿನ ಒಳಗೆ. ಆಯುಷ್ಯ ಐದು ನಿಮಿಷದಿಂದ ಹದಿನೈದು ನಿಮಿಷ.

ಈಗ ಇಳಿಯುತ್ತಿರುವ ವಿಮಾನ ಇದರೊಳಗೆ ಹೋಯಿತು ಅಂತಿಟ್ಟುಕೊಳ್ಳಿ. ಮೊದಲು ಸಿಗೋದು ಎದುರುಗಾಳಿ. ರೆಕ್ಕೆಗೆ ಗಾಳಿ ಜಾಸ್ತಿ ಸಿಕ್ಕಿ ವಿಮಾನ ಮೇಲೇಳುತ್ತದೆ, ವೇಗದ ಮುಳ್ಳು ಏರುತ್ತದೆ. ಪೈಲಟ್ ಎಂಜಿನ್ ಕಡಿಮೆ ಮಾಡುತ್ತಾನೆ. ಅಲ್ಲೇ ಮೋಸ ಆಗೋದು. ಮುಂದಿನ ಕೆಲವು ಸೆಕೆಂಡಿನಲ್ಲಿ ಮೇಲಿಂದ ಕೆಳಕ್ಕೆ ದಬ್ಬುವ ಗಾಳಿ. ಅದು ದಾಟುವಷ್ಟರಲ್ಲಿ ಅದೇ ಗಾಳಿ ಬೆನ್ನ ಹಿಂದಿನಿಂದ ಬೀಸಲು ಶುರು. ರೆಕ್ಕೆಯ ಮೇಲಿನ ಗಾಳಿಯ ವೇಗ ದಿಢೀರನೆ ಬೀಳುತ್ತದೆ. ಎಂಜಿನ್ ಮೊದಲೇ ಕಡಿಮೆ ಇದೆ, ನೆಲ ಹತ್ತಿರ ಇದೆ. ಜೆಟ್ ಎಂಜಿನ್ ಪೂರ್ತಿ ಶಕ್ತಿಗೆ ಬರಲು ಕೆಲವು ಸೆಕೆಂಡು ಬೇಕು. ಆ ಸೆಕೆಂಡುಗಳೇ ಇರೋದಿಲ್ಲ. ಹತ್ತು ಕಿಲೋಮೀಟರ್ ಎತ್ತರದಲ್ಲಿ ಇದೇ ಆಗಿದ್ದರೆ ಪ್ರಯಾಣಿಕರು ಸೀಟು ಹಿಡಿದುಕೊಂಡು ದೇವರ ಹೆಸರು ಹೇಳುತ್ತಿದ್ದರು, ಅಷ್ಟೇ.

ಕುಮಟಾ ಅಕ್ಕ
ಓಹೋ! ಮೇ ತಿಂಗಳಲ್ಲಿ ಅಂಗಳದಲ್ಲಿ ಹಲಸಿನ ಹಪ್ಪಳ ಒಣಗಿಸಿರ್ತೇವೆ. ಬೆವರು ಕಿತ್ತು ಬರುವ ಸೆಕೆ. ಇದ್ದಕ್ಕಿದ್ದಂತೆ ಘಟ್ಟದ ಕಡೆಯಿಂದ ಥಣ್ಣನೆ ಗಾಳಿ ನುಗ್ಗುತ್ತದೆ, ತೆಂಗಿನ ಮಡಲು ಬೀಳುತ್ತದೆ, ಮಳೆ ಇನ್ನೂ ಬಂದೇ ಇರಲ್ಲ. ಅತ್ತೆ ಒಳಗಿಂದ ಕೂಗ್ತಾರೆ, ನಾವೆಲ್ಲ ಚಾಪೆ ಸಮೇತ ಹಪ್ಪಳ ಎತ್ತಿಕೊಂಡು ಜಗಲಿಗೆ ಓಡೋದು. ಆ ಗಾಳಿಯೂ ಇದೇ ಜಾತಿಯದ್ದಾ?

ಹಳೇ ರಾಡಾರ್, ಕಾರವಾರ
ಹೌದು ತಂಗಿ, ಅದೇ. ಎಲ್ಲೋ ಆಚೆ ಮೋಡದಿಂದ ಬಿದ್ದ ಗಾಳಿ ನೆಲದ ಮೇಲೆ ಹರಡುತ್ತಾ ನಿಮ್ಮ ಅಂಗಳಕ್ಕೆ ಬಂದಿರುತ್ತದೆ. ಶಿರಸಿಯವರು ಹುಬ್ಬಳ್ಳಿಯಲ್ಲಿ "ಒಂದು ಹನಿ ಮಳೆ ಇಲ್ಲ" ಅಂದಿದ್ದಾರೆ ನೋಡಿ. ಆ ಹೊತ್ತೇ ಕಷ್ಟದ್ದು. ಮಳೆಗಿಂತ ಮೊದಲು ಗಾಳಿ ಬಂದಿರುತ್ತದೆ.

ಬನವಾಸಿ ಹುಡುಗ
ಮಂಗಳೂರಿನ ದುರಂತವೂ ಹೀಗೇ ಮಳೆಯಲ್ಲೇ ಆಗಿದ್ದಲ್ವಾ? 2010ರದ್ದು. ಮೇ ತಿಂಗಳೇ.

ಮಾಸ್ತರ್, ಹೊನ್ನಾವರ
ಅಲ್ಲ ತಮ್ಮಾ. ಇದನ್ನು ಬಹಳ ಜನ ಹಾಗೇ ನಂಬಿದ್ದಾರೆ. 2010ರ ಮೇ 22ರ ಬೆಳಿಗ್ಗೆ ಬಜ್ಪೆಯಲ್ಲಿ ಮಳೆ ಇರಲಿಲ್ಲ, ಗಾಳಿಯೂ ಶಾಂತ, ಆರು ಕಿಲೋಮೀಟರ್ ದೂರ ಕಾಣುತ್ತಿತ್ತು. ವಿಮಾನ ಬೇಕಾದ್ದಕ್ಕಿಂತ ಎತ್ತರದಲ್ಲಿ, ವೇಗವಾಗಿ ಬಂತು. ಸಹ ಪೈಲಟ್ ಮೇಲೆ ಹೋಗೋಣ ಅಂತ ಹೇಳಿದರೂ ಕ್ಯಾಪ್ಟನ್ ಇಳಿಸಿಯೇ ಬಿಟ್ಟರು. ರನ್‌ವೇ ಮುಗಿದು ಕಣಿವೆಗೆ ಹೋಯಿತು. 158 ಜನ ಹೋದರು, ಎಂಟು ಜನ ಉಳಿದರು. ಆಕಾಶದ ತಪ್ಪು ಏನೂ ಇರಲಿಲ್ಲ.

ಮಳೆಯ ಪಾಲು ಇದ್ದದ್ದು ಕೋಯಿಕ್ಕೋಡ್‌ನಲ್ಲಿ. 2020ರ ಆಗಸ್ಟ್ 7. ದುಬೈನಿಂದ ಬಂದ ವಿಮಾನ, ಜೋರು ಮಳೆ, ಬೆನ್ನ ಹಿಂದಿನಿಂದ ಗಾಳಿ, ಅದರ ಮೇಲೆ ಕ್ಯಾಪ್ಟನ್ ಎದುರಿನ ವೈಪರ್ ಕೈಕೊಟ್ಟಿತ್ತು. ಒಮ್ಮೆ ಪ್ರಯತ್ನಿಸಿ ಮೇಲೆ ಹೋದರು. ಎರಡನೇ ಸಲ ಅರ್ಧ ರನ್‌ವೇ ಹಿಂದೆ ಬಿದ್ದ ಮೇಲೆ ಚಕ್ರ ನೆಲ ಮುಟ್ಟಿತು. ಅದೂ ಬಜ್ಪೆಯ ಹಾಗೆ ಗುಡ್ಡದ ಮೇಲಿನ ರನ್‌ವೇ. 21 ಜನ ತೀರಿಕೊಂಡರು.

ಬನವಾಸಿ ಹುಡುಗ
ಹಂಗಾದ್ರೆ ಕೋಯಿಕ್ಕೋಡ್‌ದಾದ್ರೂ ಮಳೆಯದ್ದೇ ಆಯ್ತಲ್ಲ ಸರ್. ಮಳೆಗಾಲದಲ್ಲಿ ನಮ್ಮ ಕಡೆ ವಿಮಾನ ಹತ್ತೋದೇ ಬೇಡ ಅಂತ ಅಮ್ಮ ಹೇಳೋದು ಸರಿ ಇದೆ.

ತದಡಿ ಬೋಟು
ವಿಮಾನದ ಸುದ್ದಿ ನಂಗೆ ಗೊತ್ತಿಲ್ಲ ಒಡೆಯಾ, ಸಮುದ್ರದ್ದು ಹೇಳ್ತೆ. ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ಬೋಟಿಗೆ ಸರ್ಕಾರದ್ದೇ ನಿಷೇಧ ಇದೆ. ಆಗಿನ ಸಮುದ್ರ ಹೇಗಿರುತ್ತದೆ ಅಂತ ಎಲ್ಲರಿಗೂ ಗೊತ್ತು, ಅದು ಮೋಸ ಮಾಡಲ್ಲ. ನಮಗೆ ಹೆದರಿಕೆ ಮೇ ತಿಂಗಳ ಸಂಜೆಯದ್ದು, ಅಕ್ಟೋಬರದ್ದು. ನೀರು ತಟಸ್ಥ ಇರುತ್ತದೆ, ಬಲೆ ಬಿಟ್ಟಿರ್ತೇವೆ. ಘಟ್ಟದ ಮೇಲೆ ಕಪ್ಪು ಏಳುತ್ತದೆ. ಬಲೆ ಎಳೆದು ಮುಗಿಯೋದರೊಳಗೆ ಗಾಳಿ ನಮ್ಮ ಮೇಲೆ. ಮೂಡು ದಿಕ್ಕಿಂದ ಬೀಸುವ ಗಾಳಿ ಬೋಟನ್ನು ದಡಕ್ಕೆ ತರಲ್ಲ, ಹೊರಗೆ ದೂಡುತ್ತದೆ.

ಮಾಸ್ತರ್, ಹೊನ್ನಾವರ
ತದಡಿಯವರು ಹೇಳಿದ್ದರಲ್ಲೇ ಉತ್ತರ ಇದೆ, ಬನವಾಸಿ ತಮ್ಮನೂ ಓದಲಿ. ನಮ್ಮ ಕರಾವಳಿಗೆ ವರ್ಷಕ್ಕೆ 3,000 ಮಿಲಿಮೀಟರ್ ಮೀರಿ ಮಳೆ ಬೀಳುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಆದರೆ ಜುಲೈ ಮಳೆಯಲ್ಲಿ ಗುಡುಗು ಎಷ್ಟು ಕೇಳಿದ್ದೀರಿ? ಕಡಿಮೆ. ಆಗಿನ ಮೋಡಗಳು ಅಷ್ಟು ಎತ್ತರ ಬೆಳೆಯೋದಿಲ್ಲ, ಸುಮ್ನೆ ಒಂದೇ ಸಮ ಸುರಿಯುತ್ತವೆ. ಇಳಿಯುವಾಗ ರನ್‌ವೇ ಕಾಣದಿರೋದು, ನೀರಿನ ಮೇಲೆ ಜಾರೋದು ಆಗಿನ ತೊಂದರೆ.

ಏಪ್ರಿಲ್, ಮೇ ಮತ್ತು ಮಳೆಗಾಲ ಹಿಂದೆ ಸರಿಯುವ ಅಕ್ಟೋಬರದ್ದು ಬೇರೆ ಮೋಡ. ಬೆಳಗಿನಿಂದ ನೆಲ ಕಾಯುತ್ತದೆ, ಸಮುದ್ರದ ಹಸಿಗಾಳಿ ಘಟ್ಟ ಹತ್ತುತ್ತದೆ, ಮಧ್ಯಾಹ್ನ ಮೂರರ ಮೇಲೆ ಶಿರಸಿ, ಯಲ್ಲಾಪುರದ ಮೇಲೆ ಮೋಡ ಗೋಪುರ ಕಟ್ಟುತ್ತದೆ. ಹನ್ನೆರಡು, ಹದಿನೈದು ಕಿಲೋಮೀಟರ್ ಎತ್ತರ. ಮೇಲಿನ ಗಾಳಿ ಮೂಡಣದ್ದಾದರೆ ಸಂಜೆ ಹೊತ್ತಿಗೆ ಅದು ಕುಮಟಾ, ಹೊನ್ನಾವರಕ್ಕೆ ಇಳಿಯುತ್ತದೆ. ಅಂದರೆ ಅಮ್ಮನ ಹೆದರಿಕೆಗೆ ತಿಂಗಳು ತಪ್ಪಿದೆ. ಜುಲೈಗಿಂತ ಮೇ ತಿಂಗಳ ಸಂಜೆಗೆ ಹೆದರಬೇಕು.

ಕಾಳಿದಂಡೆ, ಕಾರವಾರ
ಎಲ್ಲ ಸರಿ. ವಿಮಾನದ ಮೂತಿಯಲ್ಲೇ ರಾಡಾರ್ ಇರುತ್ತದೆ. ಮೋಡ ಎಲ್ಲಿದೆ ಅಂತ ಕಾಣುತ್ತದೆ. ಸುತ್ತು ಹಾಕಿ ಹೋಗೋದಪ್ಪ! ಇಲ್ಲ ಮೇಲಿಂದ ಹಾರಿ ಹೋಗೋದು. ಇದಕ್ಕೆ ಬೆಂಗಳೂರಿಗೆ ವಾಪಸ್ ಹೋಗಬೇಕಾ?

ಹಳೇ ರಾಡಾರ್, ಕಾರವಾರ
ಮೇಲಿಂದ ಹಾರೋದಾ? ಹುಬ್ಬಳ್ಳಿಗೆ ಬರುವ ಪಂಖದ ಎಟಿಆರ್ ಏಳೂವರೆ ಕಿಲೋಮೀಟರಿನ ಆಸುಪಾಸಿಗಿಂತ ಮೇಲೆ ಹೋಗೋದಿಲ್ಲ. ಮೋಡ ಅದರ ಎರಡು ಪಟ್ಟು. ಅದೂ ಅಲ್ಲದೆ ಇಳಿಯಲು ಬಂದವನು ಹೇಗೂ ಕೆಳಗೆ ಬರಲೇಬೇಕಲ್ಲ.

ಇನ್ನು ರಾಡಾರ್. ನನ್ನ ಜೀವಮಾನ ಅದರ ಮುಂದೆಯೇ ಹೋಗಿದೆ, ಹಾಗಾಗಿ ಅದರ ಕುಂದನ್ನೂ ಹೇಳ್ತೇನೆ. ಅದು ತೋರಿಸೋದು ನೀರನ್ನು. ಮಳೆ ಬಹಳ ದಟ್ಟ ಇದ್ದರೆ ಅಲೆಗಳು ಅದರಲ್ಲೇ ಮುಗಿದುಹೋಗುತ್ತವೆ, ಹಿಂದೆ ಇರುವ ಇನ್ನೊಂದು ಮೋಡ ಪರದೆಯ ಮೇಲೆ ಬರೋದೇ ಇಲ್ಲ. ಖಾಲಿ ಜಾಗ ಅಂತ ಕಾಣುತ್ತದೆ. 1977ರ ಏಪ್ರಿಲ್ 4ರಂದು ಅಮೆರಿಕದ ಜಾರ್ಜಿಯಾದಲ್ಲಿ ಸದರ್ನ್ ಏರ್‌ವೇಸ್ 242ನೇ ವಿಮಾನ ಅಟ್ಲಾಂಟಾಕ್ಕೆ ಹೋಗುವಾಗ ಮೋಡದ ಸಾಲಿನ ಅತಿ ಕೆಟ್ಟ ಭಾಗಕ್ಕೇ ಹೊಕ್ಕಿತು. ಆಲಿಕಲ್ಲು ಮತ್ತು ಮಳೆನೀರು ನುಂಗಿ ಎರಡೂ ಎಂಜಿನ್ ಬಂದ್. ಪೈಲಟ್‌ಗಳು ಊರೊಳಗಿನ ರಸ್ತೆಯ ಮೇಲೆ ಇಳಿಸಲು ನೋಡಿದರು. ರೆಕ್ಕೆಗಳು ಕಂಬಕ್ಕೆ, ಮರಕ್ಕೆ ತಾಗಿದವು, ಪೆಟ್ರೋಲ್ ಬಂಕಿಗೆ ಬಡಿಯಿತು. ನೆಲದ ಮೇಲಿದ್ದ ಒಂಬತ್ತು ಜನ ಸೇರಿ 72 ಸಾವು.

ಈಗಿನ ರಾಡಾರ್ ಆಗಿನದಕ್ಕಿಂತ ಎಷ್ಟೋ ಮೇಲು. ಆದರೂ 2025ರ ಮೇನಲ್ಲಿ ದೆಹಲಿಯಿಂದ ಶ್ರೀನಗರಕ್ಕೆ ಹೊರಟ ವಿಮಾನದ ಮೂತಿ ಆಲಿಕಲ್ಲಿಗೆ ಜಜ್ಜಿಹೋಗಿತ್ತಲ್ಲ. ಪುಣ್ಯಕ್ಕೆ ಎಲ್ಲರೂ ಸುರಕ್ಷಿತವಾಗಿ ಇಳಿದರು.

ಕುಮಟಾ ಅಕ್ಕ
ಆ ವಿಮಾನದ ಒಳಗಿನ ವಿಡಿಯೋ ನೋಡಿ ನನ್ನ ಯಜಮಾನ್ರು ಗೋವಾ ಟಿಕೆಟ್ ಕ್ಯಾನ್ಸಲ್ ಮಾಡಿಸಿ ರೈಲಿಗೆ ಬುಕ್ ಮಾಡಿದ್ರು.

ಟ್ಯಾಕ್ಸಿ ಅಂಕೋಲಾ
ರೈಲಿಗೂ ಮಳೆಗಾಲದಲ್ಲಿ ಬೇರೆ ಟೈಮ್‌ಟೇಬಲ್ ಅಕ್ಕ, ನೋಡ್ಕೊಳ್ಳಿ. ಕೊಂಕಣ ರೈಲ್ವೆ ನಿಧಾನ ಓಡಿಸ್ತಾರೆ.

ಬನವಾಸಿ ಹುಡುಗ
ಸಿಡಿಲು ನೇರ ವಿಮಾನಕ್ಕೆ ಹೊಡೆದರೆ? ಅದನ್ನು ಯಾರೂ ಹೇಳಲೇ ಇಲ್ಲ.

ಮಾಸ್ತರ್, ಹೊನ್ನಾವರ
ಹೊಡೆಯುತ್ತದೆ, ಆಗಾಗ ಹೊಡೆಯುತ್ತಲೇ ಇರುತ್ತದೆ. ಸರಾಸರಿ ತೆಗೆದರೆ ಒಂದು ವಿಮಾನಕ್ಕೆ ವರ್ಷಕ್ಕೆ ಒಂದು ಸಲ ಅನ್ನುವ ಲೆಕ್ಕ ಇದೆ. ವಿದ್ಯುತ್ತು ಹೊರಮೈ ಲೋಹದ ಮೇಲೆಯೇ ಹರಿದು ಇನ್ನೊಂದು ತುದಿಯಿಂದ ಹೊರಗೆ ಹೋಗುತ್ತದೆ, ಒಳಗಿನವರಿಗೆ ದೊಡ್ಡ ಸದ್ದು, ಬೆಳಕು, ಅಷ್ಟೇ. ಈ ರಕ್ಷಣೆ ಪುಕ್ಕಟೆ ಬಂದಿದ್ದಲ್ಲ. 1963ರ ಡಿಸೆಂಬರ್ 8ರಂದು ಪಾನ್ ಆಮ್ 214ನೇ ವಿಮಾನ, ಬೋಯಿಂಗ್ 707, ಅಮೆರಿಕದ ಮೇರಿಲ್ಯಾಂಡ್ ಮೇಲೆ ಇಳಿಯಲು ಕಾಯುತ್ತಾ ಸುತ್ತುತ್ತಿತ್ತು. ಸಿಡಿಲಿಗೆ ರೆಕ್ಕೆಯೊಳಗಿನ ಇಂಧನದ ಆವಿ ಹೊತ್ತಿ ಸ್ಫೋಟ. 81 ಜನ. ಅದಾದ ಮೇಲೆ ಇಂಧನ ಟ್ಯಾಂಕು, ರೆಕ್ಕೆಯ ತುದಿ ಎಲ್ಲದರ ನಿಯಮ ಬಿಗಿಯಾಯಿತು.

1971ರ ಕ್ರಿಸ್ಮಸ್ ಹಿಂದಿನ ದಿನ ಪೆರು ದೇಶದಲ್ಲೂ ಹೀಗೇ ಒಂದು ವಿಮಾನ ಗುಡುಗು ಮೋಡದೊಳಗೆ ಒಡೆದು ಅಮೆಜಾನ್ ಕಾಡಿಗೆ ಬಿತ್ತು. ಯೂಲಿಯಾನ ಕೋಪ್ಕೆ ಅನ್ನುವ 17 ವರ್ಷದ ಹುಡುಗಿ ಸೀಟಿಗೆ ಬೆಲ್ಟ್ ಕಟ್ಟಿಕೊಂಡೇ ಸುಮಾರು ಮೂರು ಕಿಲೋಮೀಟರ್ ಎತ್ತರದಿಂದ ಬಿದ್ದು ಬದುಕಿದಳು. ಹೊಳೆಯ ಜಾಡು ಹಿಡಿದು ಹನ್ನೊಂದು ದಿನ ಕಾಡಿನಲ್ಲಿ ನಡೆದಳು. ಉಳಿದ 91 ಜನ ಹೋದರು, ಅವಳ ತಾಯಿಯೂ.

ಬನವಾಸಿ ಹುಡುಗ
ಅಬ್ಬಾ.

ಟ್ಯಾಕ್ಸಿ ಅಂಕೋಲಾ
ನಾನು ವಾರಕ್ಕೆ ಎಷ್ಟೋ ಸಲ ಗೋವಾ ಏರ್‌ಪೋರ್ಟಿಗೆ ಬಾಡಿಗೆ ಹೊಡಿತೇನೆ. ವಿಮಾನ ತಡ ಆದರೆ ಪ್ಯಾಸೆಂಜರ್ ನನ್ನ ಮೇಲೆ ಸಿಟ್ಟು. ಇಳಿದು ಬಂದವರು ಕಾರು ಹತ್ತಿದ ಕೂಡಲೇ "ಬೇಗ ಹೋಗಪ್ಪ" ಅಂತಾರೆ. ಮೇಲೆ ಗಾಳಿಗೆ ಹೆದರಿದವರು ಕೆಳಗೆ ಹೆದ್ದಾರಿಗೆ ಹೆದರಲ್ಲ. 2024ರ ಜುಲೈ 16ರಂದು ನಮ್ಮ ಶಿರೂರಿನಲ್ಲಿ ಗುಡ್ಡ ಇಳಿದಿದ್ದು ಮರೆತೋಯ್ತಾ? ಚಹಾ ಕುಡಿಯಲು ನಿಂತವರು, ಲಾರಿ, ಎಲ್ಲ ಗಂಗಾವಳಿಗೆ. ಮುಂದಿನ ತಿಂಗಳೇ ಕಾಳಿ ನದಿಯ ಹಳೇ ಸೇತುವೆ ಬಿತ್ತು. ವಿಮಾನದವರಾದರೂ ಮಳೆ ನೋಡಿ ನಿಲ್ಲಿಸ್ತಾರೆ. ರಸ್ತೆಯಲ್ಲಿ ನಿಲ್ಲಿಸೋರು ಯಾರು?

ತೋಟದಮನೆ, ಶಿರಸಿ
ಇದು ಮಾತ್ರ ಸತ್ಯ. ಮಳೆಗಾಲದಲ್ಲಿ ದೇವಿಮನೆ ಘಟ್ಟ ಇಳಿಯುವಾಗ ನನಗೂ ಎದೆ ಡವಡವ.

ಕಾಳಿದಂಡೆ, ಕಾರವಾರ
ಅದಕ್ಕೇ ಹೇಳೋದು, ಅಂಕೋಲಾ ಅಲಗೇರಿಯ ಏರ್‌ಪೋರ್ಟ್ ಬೇಗ ಆಗಲಿ. ಹುಬ್ಬಳ್ಳಿ, ಗೋವಾ ಅಂತ ಓಡೋದು ತಪ್ಪುತ್ತದೆ.

ಗದ್ದೆ ಬದು, ಅಂಕೋಲಾ
ಹೇಳೋದು ಸುಲಭ. ಸೀಬರ್ಡ್ ನೌಕಾನೆಲೆಗೆ ಒಂದು ಸಲ ಮನೆ ಬಿಟ್ಟವರನ್ನು ಕೇಳಿ. ಈಗ ಅಲಗೇರಿ, ಬೇಲೇಕೇರಿ ಕಡೆಯವರ ಸರದಿ. ನಿಮಗೆ ಉಪನಯನಕ್ಕೆ ಬೇಗ ಮುಟ್ಟಲಿಕ್ಕೆ ನಮ್ಮ ಗದ್ದೆ ಬೇಕಾ?

ಕಾಳಿದಂಡೆ, ಕಾರವಾರ
ಅಭಿವೃದ್ಧಿ ಬೇಡ ಅನ್ನೋರಿಗೆ ಏನು ಹೇಳೋದು.

ಗದ್ದೆ ಬದು, ಅಂಕೋಲಾ
ಪರಿಹಾರದ ಚೆಕ್ಕಿಗೆ ಕಚೇರಿ ಅಲೆದವರಿಗೆ ಗೊತ್ತು ಅಭಿವೃದ್ಧಿ ಅಂದ್ರೆ ಏನು ಅಂತ.

ನಿರ್ವಾಹಕ
ಏರ್‌ಪೋರ್ಟ್ ಜಗಳಕ್ಕೆ ಬೇರೆ ಚರ್ಚೆ ಈಗಾಗಲೇ ಇದೆ, ಇಬ್ಬರೂ ಅಲ್ಲಿಗೆ ಹೋಗಿ. ಇಲ್ಲಿ ಗುಡುಗು ಮಳೆ ಮಾತ್ರ.

ತದಡಿ ಬೋಟು
ಮಾಸ್ತರ್ರೇ, ಒಂದು ಡೌಟು. ಈ ಮೋಡ ಕುಸಿಯುವ ಸಂಗತಿ ನಮ್ಮ ಅಜ್ಜಂದಿರಿಗೂ ಅಂದಾಜಿತ್ತು. ವಿಮಾನದವರಿಗೆ 1985ರವರೆಗೂ ಗೊತ್ತೇ ಇರಲಿಲ್ವಾ?

ಮಾಸ್ತರ್, ಹೊನ್ನಾವರ
ಗೊತ್ತಿತ್ತು, ನಂಬುವವರು ಕಡಿಮೆ ಇದ್ದರು. ಇದು ನನಗೆ ಬಹಳ ಇಷ್ಟದ ಕತೆ, ಉದ್ದ ಆದರೆ ತಾಳಿಕೊಳ್ಳಿ.

ಟೆಡ್ ಫುಜಿತಾ ಅಂತ ಜಪಾನಿನಲ್ಲಿ ಹುಟ್ಟಿದ ವಿಜ್ಞಾನಿ. ಯುದ್ಧದ ನಂತರ ನಾಗಸಾಕಿ, ಹಿರೋಷಿಮಾಗಳಲ್ಲಿ ಬಾಂಬಿನ ಹೊಡೆತಕ್ಕೆ ಮರಗಳು ಹೇಗೆ ಬಿದ್ದಿವೆ ಅಂತ ನೋಡಿದ್ದವರು. ಬಾಂಬು ಮೇಲೆ ಸಿಡಿದಿತ್ತು, ಕೆಳಗೆ ಮರಗಳು ನಡುವಿನಿಂದ ಹೊರಕ್ಕೆ ಎಲ್ಲ ದಿಕ್ಕಿಗೂ ಮಲಗಿದ್ದವು. ಆಮೇಲೆ ಷಿಕಾಗೋ ವಿಶ್ವವಿದ್ಯಾಲಯಕ್ಕೆ ಹೋಗಿ ಸುಂಟರಗಾಳಿಯ ಮೇಲೆ ಕೆಲಸ ಮಾಡಿದರು. ಸುಂಟರಗಾಳಿಯ ಬಲ ಅಳೆಯುವ ಎಫ್ ಮಾಪಕ ಅವರದ್ದೇ. 1974ರಲ್ಲಿ ವಿಮಾನದಿಂದ ಹಾನಿ ನೋಡುತ್ತಾ ಹೋದಾಗ ಕೆಲವು ಕಡೆ ಮರಗಳು ಸುತ್ತಿ ಬಿದ್ದಿರಲಿಲ್ಲ, ನಾಗಸಾಕಿಯ ರೀತಿಯಲ್ಲೇ ಹೊರಮುಖವಾಗಿ ಬಿದ್ದಿದ್ದವು.

ಮರುವರ್ಷ, 1975ರ ಜೂನ್ 24ರಂದು, ನ್ಯೂಯಾರ್ಕಿನ ಕೆನಡಿ ವಿಮಾನ ನಿಲ್ದಾಣದಲ್ಲಿ ಈಸ್ಟರ್ನ್ 66ನೇ ವಿಮಾನ ಗುಡುಗು ಮಳೆಯಲ್ಲಿ ಇಳಿಯುವಾಗ ರನ್‌ವೇ ದೀಪದ ಕಂಬಗಳಿಗೆ ಬಡಿದು ಬಿತ್ತು. 113 ಸಾವು. ಅಲ್ಲೂ ಮುಂದೆ ಹೋದ ವಿಮಾನಗಳು ಇಳಿದಿದ್ದವು! ಫುಜಿತಾ ಆ ದಾಖಲೆ ಎಲ್ಲ ಕೂಡಿಸಿ, ಮೇಲಿಂದ ಬಿದ್ದ ಗಾಳಿಯೇ ಕಾರಣ ಅಂದರು. ಹಲವು ಹವಾಮಾನ ತಜ್ಞರು ಒಪ್ಪಲಿಲ್ಲ. ಅಷ್ಟು ಚಿಕ್ಕ ಜಾಗದಲ್ಲಿ ಅಷ್ಟು ಬಲದ ಗಾಳಿ ಸಾಧ್ಯ ಇಲ್ಲ ಅಂತ ವಾದ. 1982ರಲ್ಲಿ ಡೆನ್ವರ್ ಹತ್ತಿರ ಗಾಳಿಯ ವೇಗ ಹಿಡಿಯುವ ಡಾಪ್ಲರ್ ರಾಡಾರ್ ಇಟ್ಟು ಅಳೆದಾಗ ಸಾಲು ಸಾಲು ಸಿಕ್ಕವು. ಅದೇ ವರ್ಷ ಜುಲೈನಲ್ಲಿ ನ್ಯೂ ಆರ್ಲಿಯನ್ಸ್ ಬಳಿ ಪಾನ್ ಆಮ್ 759 ಮೇಲೇರುತ್ತಲೇ ಬಿದ್ದು, ನೆಲದ ಮೇಲಿದ್ದವರೂ ಸೇರಿ 153 ಜನ ಸತ್ತಿದ್ದರು. ಆಮೇಲೆ ಡಲ್ಲಾಸ್. ಆಗ ಸರ್ಕಾರಕ್ಕೆ ಬಿಸಿ ಮುಟ್ಟಿತು.

ಹಳೇ ರಾಡಾರ್, ಕಾರವಾರ
ಮಾಸ್ತರ್ರ ಮಾತಿಗೆ ಸ್ವಲ್ಪ ಸೇರಿಸ್ತೇನೆ. ಆಮೇಲೆ ಮಾಡಿದ್ದು ಮುಖ್ಯ. ಏರ್‌ಪೋರ್ಟ್ ಪಕ್ಕ ಡಾಪ್ಲರ್ ರಾಡಾರ್, ರನ್‌ವೇ ಸುತ್ತ ಗಾಳಿ ಅಳೆಯುವ ಕಂಬಗಳು, ವಿಮಾನದಲ್ಲಿ "ವಿಂಡ್‌ಶಿಯರ್" ಅಂತ, ಅಂದರೆ ಗಾಳಿ ದಿಢೀರನೆ ಬದಲಾಗುತ್ತಿದೆ ಅಂತ ಕೂಗಿ ಹೇಳುವ ಯಂತ್ರ. ಪೈಲಟ್‌ಗಳಿಗೆ ಸಿಮ್ಯುಲೇಟರಿನಲ್ಲಿ ಕಡ್ಡಾಯ ತಾಲೀಮು. ಎಚ್ಚರಿಕೆ ಬಂದರೆ ಎಂಜಿನ್ ಪೂರ್ತಿ, ಮೂತಿ ಮೇಲೆ, ಚಕ್ರ ಮತ್ತು ರೆಕ್ಕೆಯ ಹಿಂಬದಿಯ ಫ್ಲಾಪ್ ಇದ್ದ ಹಾಗೇ ಬಿಡು, ಗಾಳಿಯಿಂದ ಹೊರಗೆ ಬರುವವರೆಗೆ ಮುಟ್ಟಬೇಡ.

ಆ ತಾಲೀಮು ಇಲ್ಲದಿದ್ದರೆ ಏನಾಗುತ್ತದೆ ಅಂತ ನೆರೆಮನೆಯಲ್ಲೇ ಉದಾಹರಣೆ ಇದೆ. 2012ರ ಏಪ್ರಿಲ್ 20ರ ಸಂಜೆ, ಕರಾಚಿಯಿಂದ ಹೊರಟ ಭೋಜಾ ಏರ್ 213 ಇಸ್ಲಾಮಾಬಾದ್ ಹತ್ತಿರ ಗುಡುಗು ಮಳೆಯಲ್ಲಿ ಇಳಿಯಲು ಹೋಗಿ ಬಿತ್ತು. ಒಳಗಿದ್ದ 127 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಸಿಬ್ಬಂದಿಗೆ ಇಂಥ ಗಾಳಿಯಿಂದ ಪಾರಾಗುವ ತರಬೇತಿ ಸಾಕಷ್ಟು ಇರಲಿಲ್ಲ ಅಂತ ತನಿಖೆಯಲ್ಲಿ ಬಂತು. ಏಪ್ರಿಲ್, ಸಂಜೆ, ಗುಡುಗು. ನಮ್ಮ ಶಿರಸಿಯವರು ಕಾದು ನಿಂತಿದ್ದ ಹೊತ್ತಿನದೇ ಹವಾಮಾನ.

ತೋಟದಮನೆ, ಶಿರಸಿ
ವಾಪಸ್ ಹೋಗಿದ್ದಕ್ಕೆ ಇನ್ನು ನನ್ನ ತಕರಾರಿಲ್ಲ. ಆದರೆ ಅರ್ಧ ಗಂಟೆ ಮೇಲೆ ಕಾಯಬಹುದಿತ್ತು ಅನ್ನೋದಕ್ಕೆ ಯಾರೂ ಉತ್ತರ ಕೊಡಲಿಲ್ಲ. ಬಿಸ್ಕಿಟ್ಟಿನ ವಿಷಯಕ್ಕೂ.

ಹಳೇ ರಾಡಾರ್, ಕಾರವಾರ
ಎಣ್ಣೆ ಲೆಕ್ಕ. ಹೋಗಬೇಕಾದ ಊರಿಗೆ, ಅಲ್ಲಿ ಆಗದಿದ್ದರೆ ಇನ್ನೊಂದು ಊರಿಗೆ, ಅದರ ಮೇಲೆ ಅರ್ಧ ಗಂಟೆ ಹಾರುವಷ್ಟು ಕೊನೆಯ ಮೀಸಲು. ಆ ಮೀಸಲನ್ನು ಮುಟ್ಟುವ ಹಾಗಿಲ್ಲ. ಹೆಚ್ಚುವರಿ ಎಣ್ಣೆ ಇದ್ದಷ್ಟು ಹೊತ್ತು ಸುತ್ತಿದ್ದಾರೆ, ಮುಗಿಯುತ್ತಿದ್ದಂತೆ ಹೊರಟಿದ್ದಾರೆ. ಮಳೆ ಅರ್ಧ ಗಂಟೆಗೆ ನಿಲ್ಲುತ್ತದೆ ಅಂತ ಕೆಳಗೆ ನಿಂತ ನಿಮಗೆ ಆಮೇಲೆ ಗೊತ್ತಾಯಿತು. ಮೇಲಿದ್ದವನಿಗೆ ಮೊದಲೇ ಗೊತ್ತಾಗಬೇಕಿತ್ತು.

1999ರ ಜೂನ್ 1ರಂದು ಅಮೆರಿಕದ ಲಿಟ್ಲ್ ರಾಕ್‌ನಲ್ಲಿ ಒಬ್ಬರು ಮೋಡಕ್ಕಿಂತ ಮೊದಲು ಇಳಿದುಬಿಡೋಣ ಅಂತ ಓಡಿಬಂದರು. ಅವಸರದಲ್ಲಿ ಇಳಿದ ಮೇಲೆ ವಿಮಾನ ನಿಲ್ಲಿಸಲು ನೆರವಾಗುವ, ರೆಕ್ಕೆಯ ಮೇಲಿನ ಸ್ಪಾಯ್ಲರ್ ಹಲಗೆ ಸಜ್ಜು ಮಾಡೋದೇ ಬಿಟ್ಟುಹೋಯಿತು. ಒದ್ದೆ ರನ್‌ವೇಯಲ್ಲಿ ವಿಮಾನ ನಿಲ್ಲಲಿಲ್ಲ. ಕ್ಯಾಪ್ಟನ್ ಸೇರಿ 11 ಜನ.

ಕಾಳಿದಂಡೆ, ಕಾರವಾರ
ಬಿಸ್ಕಿಟ್ಟಿನ ಪಕ್ಷದಲ್ಲಿ ನಾನಿದ್ದೇನೆ. ಪೈಲಟ್ ಸರಿ ಇರಬಹುದು, ಕೌಂಟರಿನವರು ಸರಿ ಇಲ್ಲ. ಹವಾಮಾನಕ್ಕೆ ಪರಿಹಾರದ ಹಣ ಇಲ್ಲ ಅಂತ ವಿಮಾನಯಾನ ನಿಯಂತ್ರಕ ಡಿಜಿಸಿಎ ನಿಯಮದಲ್ಲೇ ಇದೆ, ಒಪ್ಪಿದೆ. ಆದರೆ ವಿಮಾನ ರದ್ದಾದರೆ ಟಿಕೆಟ್ ಹಣ ವಾಪಸ್ ಕೊಡಬೇಕು, ಇಲ್ಲ ಬೇರೆ ವಿಮಾನಕ್ಕೆ ಹಾಕಬೇಕು. ಬಸ್ಸಿಗೆ ಹೋದೆವು ಅಂತ ಸುಮ್ನಿರಬೇಡಿ, ರೀಫಂಡ್ ಕೇಳಿ. ಬೋರ್ಡಿಂಗ್ ಪಾಸ್ ಬಿಸಾಡಿಲ್ಲ ತಾನೇ?

ತೋಟದಮನೆ, ಶಿರಸಿ
ತಂಗಿ ಎಲ್ಲ ಇಟ್ಟುಕೊಂಡಿದ್ದಾಳೆ. ನಾಳೆಯೇ ಮೇಲ್ ಹಾಕಿಸ್ತೇನೆ. ವಾಪಸ್ ಹೋಗಲು ಅವಳಿಗೆ ಭಾನುವಾರದ ಟಿಕೆಟ್ ಮಾಡಬೇಕು. ಬೆಳಿಗ್ಗೆಯದ್ದಾ, ಸಂಜೆಯದ್ದಾ?

ಮಾಸ್ತರ್, ಹೊನ್ನಾವರ
ಮೇ ಮುಗಿಯೋವರೆಗೆ ಬೆಳಿಗ್ಗೆಯದ್ದು. ಮಧ್ಯಾಹ್ನದೊಳಗೆ ಇಳಿದುಬಿಡುವ ವಿಮಾನ ನೋಡಿ. ಕಾರಲ್ಲಿ ಹೋಗುವಾಗಲೂ ದಾಮಿನಿ ಆ್ಯಪ್ ಹಾಕಿಕೊಳ್ಳಿ, ಸಿಡಿಲು ಹತ್ತಿರ ಬಂದರೆ ತೋರಿಸುತ್ತದೆ. ಪುಣೆಯ ಹವಾಮಾನ ಸಂಶೋಧನಾ ಸಂಸ್ಥೆ ಐಐಟಿಎಂನವರು ಮಾಡಿದ್ದು, ದುಡ್ಡು ಕೊಡಬೇಕಿಲ್ಲ.

ಕುಮಟಾ ಅಕ್ಕ
ಹಪ್ಪಳಕ್ಕೂ ಆಗುತ್ತದಾ ಅದು?

ಮಾಸ್ತರ್, ಹೊನ್ನಾವರ
ಅತ್ತೆಯಷ್ಟು ಬೇಗ ಹೇಳಲಿಕ್ಕಿಲ್ಲ.

ಟ್ಯಾಕ್ಸಿ ಅಂಕೋಲಾ
ಶಿರಸಿ ಅಣ್ಣ, ಭಾನುವಾರ ಬೆಳಿಗ್ಗೆ ಹುಬ್ಬಳ್ಳಿಗೆ ಅಂದರೆ ಶಿರಸಿ ಕತ್ತಲಲ್ಲೇ ಬಿಡಬೇಕು. ಗಾಡಿ ಬೇಕಾದರೆ ಮೆಸೇಜ್ ಹಾಕಿ, ಹಿಂದಿನ ರಾತ್ರಿಯೇ ಬಂದು ಉಳಿದುಕೊಳ್ತೇನೆ. ಬೇಗ ಹೋಗಪ್ಪ ಅನ್ನಬಾರದು, ಅಷ್ಟೇ ಕಂಡೀಷನ್.